ಮೂರು ಸೆಕೆಂಡಿಗೆ ಹನ್ನೊಂದು ಲಕ್ಷ

ನಮ್ಮ ಬುಟಿಬೋರಿಯ ಚೌಕದಲ್ಲಿ ಬೆಳಿಗ್ಗೆ ಆರೂವರೆಗೆ ಚಹಾದ ಗ್ಲಾಸು ಹಿಡಿದು ನಿಂತರೆ ಅರ್ಧ ದೇಶವೇ ಕಣ್ಣ ಮುಂದೆ ಹಾದು ಹೋಗುತ್ತೆ ನೋಡಿ. ಉತ್ತರಕ್ಕೆ ಮೂವತ್ತು ಕಿಲೋಮೀಟರ್ ಹೋದರೆ ನಾಗಪುರ. ದಕ್ಷಿಣಕ್ಕೆ ಹೋದರೆ ಹಿಂಗಣಘಾಟ್, ಆದಿಲಾಬಾದ್, ಹೈದರಾಬಾದ್, ಕರ್ನೂಲು, ಹಾಗೇ ಬೆಂಗಳೂರು. ಮೊದಲು ಇದು ಏಳನೇ ನಂಬರಿನ ಹೈವೇ ಆಗಿತ್ತು, ಈಗ 44. ಇನ್ನು ಪಶ್ಚಿಮಕ್ಕೆ ಒಡೆದುಕೊಳ್ಳುವ 361ನೇ ನಂಬರಿನ ದಾರಿ ವರ್ಧಾ, ಯವತ್ಮಾಳ, ನಾಂದೇಡ, ಲಾತೂರ ದಾಟಿ ತುಳಜಾಪುರಕ್ಕೆ ಹೋಗಿ ಮುಟ್ಟುತ್ತೆ. ಅಲ್ಲಿಂದ ಸೊಲ್ಲಾಪುರ, ಸೊಲ್ಲಾಪುರ ದಾಟಿದರೆ ನಮ್ಮ ವಿಜಾಪುರ ಜಿಲ್ಲೆ. (ಈಗ ವಿಜಯಪುರ ಅನ್ನಬೇಕು, ಆದರೆ ನಮ್ಮ ಅವ್ವನ ಬಾಯಲ್ಲಿ ಇನ್ನೂ ಬಿಜಾಪುರವೇ.) ಇಂಡಿ ತಾಲ್ಲೂಕಿನ ನಮ್ಮ ಹಳ್ಳಿಗೆ ಇಲ್ಲಿಂದ ಆರುನೂರು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಅಂದರೆ ನಮ್ಮ ಊರಿನ ದಾರಿ ನಮ್ಮ ಚಹಾದ ಅಂಗಡಿಯ ಎದುರೇ ಶುರುವಾಗುತ್ತೆ. ಮೂವತ್ತು ವರ್ಷ ಈ ಊರಲ್ಲಿ ಮನಸ್ಸು ಹಿಡಿದು ಇದ್ದದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ನಾನು 1995ರಲ್ಲಿ ಇಲ್ಲಿನ ಎಂಐಡಿಸಿಯ ಒಂದು ನೂಲಿನ ಕಾರ್ಖಾನೆಗೆ ಮೆಂಟೆನನ್ಸ್ ಕೆಲಸಕ್ಕೆ ಬಂದವನು. ಬಂದಾಗ ಒಂದು ಬಜಾಜ್ ಚೇತಕ್. ಆಮೇಲೆ ಸೆಕೆಂಡ್ ಹ್ಯಾಂಡ್ ಮಾರುತಿ 800, ಆಮೇಲೆ ಒಂದು ವ್ಯಾಗನ್ ಆರ್. ಇದಿಷ್ಟೇ ನನ್ನ ವಾಹನ ಚರಿತ್ರೆ. ಹೋದ ವರ್ಷ ರಿಟೈರ್ ಆದೆ. ಪಿಎಫ್ಫು, ಗ್ರ್ಯಾಚುಟಿ ಅಂತ ಜೀವನದಲ್ಲಿ ಮೊದಲನೇ ಸಲ ಪಾಸ್‌ಬುಕ್ಕಿನಲ್ಲಿ ಒಂದು ದೊಡ್ಡ ಸಂಖ್ಯೆ ಕಂಡಿತು. ದೊಡ್ಡ ಸಂಖ್ಯೆ ಕಂಡ ಕೂಡಲೇ ಮನುಷ್ಯನ ತಲೆ ಸ್ವಲ್ಪ ಕೆಡುತ್ತೆ. ನನ್ನದೂ ಕೆಟ್ಟಿತು. ಒಂದು ಒಳ್ಳೆಯ ಲಕ್ಷುರಿ ಸೆಡಾನ್ ತಗೋಬೇಕು ಅನ್ನಿಸಿತು!

ನಗಬೇಡಿ. ನನಗೆ ಒಂದು ನೆಪವೂ ಇತ್ತು. ಅವ್ವನಿಗೆ ಎಂಬತ್ನಾಲ್ಕು. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದು, ಆಪರೇಷನ್ ಆಗಿ, ಈಗ ವಾಕರ್ ಹಿಡಿದು ಮನೆಯೊಳಗೆ ಓಡಾಡ್ತಾಳೆ. ಊರಿಗೆ ಹೋಗಿ ಮೂರು ವರ್ಷ ಆಗಿದೆ. "ಜಾತ್ರಿಗೆ ಒಮ್ಮೆ ಕರಕೊಂಡ ಹೋಗೋ ತಮ್ಮಾ" ಅಂತ ವಾರಕ್ಕೊಮ್ಮೆ ಕೇಳ್ತಾಳೆ, ಕೇಳಿ ತಾನೇ ಸುಮ್ಮನಾಗ್ತಾಳೆ. ರೈಲಿನಲ್ಲಿ ಹೋದರೆ ಗಾಡಿ ಬದಲಿಸುವ ಕಷ್ಟ, ಬಸ್ಸಿನ ಮೆಟ್ಟಿಲಂತೂ ಆಗದ ಮಾತು. ವ್ಯಾಗನ್ ಆರ್‌ನಲ್ಲಿ ಆರುನೂರು ಕಿಲೋಮೀಟರ್ ಕೂರಿಸಿದರೆ ಬೆನ್ನು ಉಳಿಯುತ್ತಾ ಅಂತ ಡಾಕ್ಟರೇ ಕೇಳಿದರು. ಹೀಗಾಗಿ ನನ್ನ ಆಸೆಗೆ ಅವ್ವನ ಹೆಸರು ಇಟ್ಟುಕೊಂಡೆ. ಮನೆಯವಳಿಗೆ ಇದು ಗೊತ್ತಾಗದೇ ಇರುತ್ತಾ? "ಅತ್ತಿಯವರ ಹೆಸರಿಲೆ ನಿಮ್ಮ ಆಶಾ ತೀರಿಸ್ಕೋತೀರಿ, ಅಲ್ಲೇನ್ರೀ?" ಅಂದಳು. ನಾನು ಪೇಪರ್ ಓದುವವನ ಹಾಗೆ ಮುಖ ಮುಚ್ಚಿಕೊಂಡೆ.

ಆರು ತಿಂಗಳು ಈ ವಿಷಯದ ಹಿಂದೆ ಬಿದ್ದೆ. ಶೋರೂಮ್ ಸುತ್ತಿದೆ, ಬ್ರೋಶರ್ ಓದಿದೆ, ಗೆಳೆಯರ ಗಾಡಿ ಓಡಿಸಿದೆ. ನನಗೆ ತಿಳಿದದ್ದನ್ನ ಇಲ್ಲಿ ಬರೆದಿಡ್ತಾ ಇದ್ದೀನಿ. ನಮ್ಮಂಥ ಹೊರನಾಡಿನ ಕನ್ನಡಿಗರಲ್ಲಿ ರಿಟೈರ್‌ಮೆಂಟ್ ದುಡ್ಡು ಬಂದ ಕೂಡಲೇ ಊರಿಗೆ ದೊಡ್ಡ ಗಾಡಿಯಲ್ಲಿ ಹೋಗಿ ಇಳಿಯಬೇಕು ಅನ್ನೋ ಕನಸು ನನ್ನೊಬ್ಬನದೇ ಅಲ್ಲ ಅಂತ ನನಗೆ ಗೊತ್ತು.

ಮೊದಲು ಯಾವ ಗಾಡಿಗಳ ಮಾತು ಅಂತ ಹೇಳಿಬಿಡ್ತೀನಿ. ಮರ್ಸಿಡಿಸ್ ಇ ಕ್ಲಾಸ್, ಬಿಎಂಡಬ್ಲ್ಯು 5 ಸೀರೀಸ್, ಆಡಿ ಎ6, ಲೆಕ್ಸಸ್ ಇಎಸ್. ಇವಕ್ಕೆ ಮಿಡ್‌ಸೈಜ್ ಲಕ್ಷುರಿ ಸೆಡಾನ್ ಅಂತಾರೆ. ಐದು ಮೀಟರ್ ಉದ್ದದ ಗಾಡಿಗೆ 'ಮಿಡ್‌ಸೈಜ್' ಅನ್ನೋದು ನಮ್ಮ ಕಾಲೋನಿಯ ಪಾರ್ಕಿಂಗ್ ನೋಡದವರು ಇಟ್ಟ ಹೆಸರು. ನಾನು ಇಲ್ಲಿಗೆ ಬಂದ ಅದೇ 1995ರಲ್ಲಿ ಪುಣೆಯಲ್ಲಿ ಟೆಲ್ಕೋ ಕಾರ್ಖಾನೆಯ ಆವರಣದಲ್ಲಿ ಇ ಕ್ಲಾಸ್ ಜೋಡಿಸೋದು ಶುರುವಾಯಿತು. ಆಗ ದೇಶದ ಸಾಹೇಬರೆಲ್ಲ ಅಂಬಾಸಡರ್‌ನಲ್ಲೋ ಕಾಂಟೆಸ್ಸಾದಲ್ಲೋ ಓಡಾಡ್ತಾ ಇದ್ದರು. ಆ ಅಂಬಾಸಡರ್ 2014ರಲ್ಲಿ ನಿಂತೇ ಹೋಯಿತು. ಇ ಕ್ಲಾಸ್ ಮಾತ್ರ ಈಗ ಪುಣೆ ಹತ್ತಿರದ ಚಾಕಣದಿಂದ ಬರುತ್ತೆ. ಇನ್ನು ಲೆಕ್ಸಸ್ ಇಎಸ್ 2020ರಲ್ಲಿ ಎಲ್ಲಿ ಜೋಡಿಸೋಕೆ ಶುರು ಮಾಡಿದರು ಗೊತ್ತಾ? ನಮ್ಮ ಬಿಡದಿಯಲ್ಲಿ! ಕ್ಯಾಮ್ರಿಯೂ ಅಲ್ಲೇ. ರಾಮನಗರದ ಹತ್ತಿರ ತಟ್ಟೆ ಇಡ್ಲಿ ತಿಂದು ಎದ್ದ ಕೈಗಳು ಜೋಡಿಸಿದ ಗಾಡಿ ಅಂತ ಕೇಳಿದಾಗ ನನಗೆ ಕಾರಣವಿಲ್ಲದೆ ಖುಷಿಯಾಯಿತು.

ಇನ್ನು ಇಂಜಿನ್. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಮೋಟಾರುಗಳ ಜೊತೆ ಬಾಳ್ವೆ ಮಾಡಿದವನು ನಾನು, ಇದರ ಬಗ್ಗೆ ಸ್ವಲ್ಪ ಮಾತಾಡುವ ಹಕ್ಕು ಇದೆ ಅಂದುಕೊಂಡಿದ್ದೀನಿ. 2024ರ ಅಕ್ಟೋಬರಿನಲ್ಲಿ ಬಂದ ಇ ಕ್ಲಾಸನ್ನೇ ತಗೊಳ್ಳಿ. ಮೂರು ಇಂಜಿನ್. ಇ 200 ಅನ್ನೋದು ಎರಡು ಲೀಟರಿನ ಪೆಟ್ರೋಲು, 204 ಎಚ್‌ಪಿ, 320 ನ್ಯೂಟನ್ ಮೀಟರ್ ಟಾರ್ಕ್. ಇ 220ಡಿ ಎರಡು ಲೀಟರಿನ ಡೀಸೆಲ್, 197 ಎಚ್‌ಪಿ, 440 ನ್ಯೂಟನ್ ಮೀಟರ್. ಇ 450 ಮೂರು ಲೀಟರಿನ ಆರು ಸಿಲಿಂಡರಿನ ಪೆಟ್ರೋಲು, 381 ಎಚ್‌ಪಿ, 500 ನ್ಯೂಟನ್ ಮೀಟರ್. ಅದೇ ವರ್ಷ ಜುಲೈನಲ್ಲಿ ಬಂದ ಬಿಎಂಡಬ್ಲ್ಯು 530ಎಲ್‌ಐ ಎರಡು ಲೀಟರಿನ ಪೆಟ್ರೋಲಿನಲ್ಲೇ 258 ಎಚ್‌ಪಿ, 400 ನ್ಯೂಟನ್ ಮೀಟರ್ ಕೊಡುತ್ತೆ.

ಎಚ್‌ಪಿಗೂ ಟಾರ್ಕಿಗೂ ವ್ಯತ್ಯಾಸ ಏನು ಅಂತ ಬಹಳ ಜನ ಕೇಳ್ತಾರೆ. ನಮ್ಮ ಕಡೆಯವರಿಗೆ ಹೀಗೆ ಹೇಳಬಹುದು. ಕೆಸರಿನಲ್ಲಿ ಹೂತ ಬಂಡಿಯನ್ನ ಎತ್ತು ಹೆಗಲು ಕೊಟ್ಟು ಎಳೆಯುತ್ತಲ್ಲ, ಆ ಹೆಗಲು ಟಾರ್ಕು. ಎಳೆದದ್ದನ್ನ ಎಷ್ಟು ಜೋರಾಗಿ ಎಳಕೊಂಡು ಓಡುತ್ತೆ ಅನ್ನೋದು ಎಚ್‌ಪಿ. ಡೀಸೆಲ್ ಇಂಜಿನ್ನು 1,800 ಸುತ್ತಿನಲ್ಲೇ ತನ್ನ ಪೂರ್ತಿ ಹೆಗಲು ಕೊಟ್ಟುಬಿಡುತ್ತೆ. ಲಾರಿ ಹಿಂದೆ ಅರವತ್ತರಲ್ಲಿ ತೆವಳ್ತಾ ಇದ್ದು, ಎದುರು ಖಾಲಿ ಸಿಕ್ಕಾಗ ಮುಂದೆ ಹೋಗಬೇಕು ನೋಡಿ, ಆಗ ಬೇಕಾಗೋದು ಈ ಹೆಗಲು. ಯವತ್ಮಾಳದಿಂದ ಆಚೆಗೆ ಕಬ್ಬಿನ ಟ್ರ್ಯಾಕ್ಟರು, ಹತ್ತಿಯ ಲಾರಿಗಳ ಹಿಂದೆ ಓಡಿಸಿದವರಿಗೆ ನಾನು ಹೇಳಿದ್ದು ಗೊತ್ತಾಗುತ್ತೆ.

ಇನ್ನು ಈಗಿನ ಗಾಡಿಗಳಲ್ಲಿ 48 ವೋಲ್ಟಿನ ಮೈಲ್ಡ್ ಹೈಬ್ರಿಡ್ ಅಂತ ಒಂದಿದೆ. ಇಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವೆ ಒಂದು ಮೋಟಾರ್ ಕೂತಿರುತ್ತೆ. ಸ್ಟಾರ್ಟರೂ ಅದೇ, ಡೈನಮೋವೂ ಅದೇ. ಬ್ರೇಕ್ ಹಾಕಿದಾಗ ಕರೆಂಟು ಹುಟ್ಟಿಸಿ ಬ್ಯಾಟರಿಗೆ ತುಂಬುತ್ತೆ, ಹೊರಡುವಾಗ ಇಂಜಿನ್ನಿಗೆ ಒಂದು ನೂಕು ಕೊಡುತ್ತೆ. ಇ ಕ್ಲಾಸಿನದು ಹೀಗೆ 23 ಎಚ್‌ಪಿಯಷ್ಟು ಕೈಗೂಡಿಸುತ್ತೆ. ಇದರಿಂದ ಗಾಡಿ ಓಡೋದೇನೂ ಬರೇ ಕರೆಂಟಿನಿಂದ ಅಲ್ಲ, 'ಹೈಬ್ರಿಡ್' ಅನ್ನೋ ಹೆಸರು ನೋಡಿ ಮೋಸ ಹೋಗಬೇಡಿ. ಬಿಡದಿಯ ಇಎಸ್ 300ಎಚ್‌ನದು ನಿಜವಾದ ಹೈಬ್ರಿಡ್. ಎರಡೂವರೆ ಲೀಟರಿನ ಪೆಟ್ರೋಲ್ ಇಂಜಿನ್ನು, ಜೊತೆಗೆ ಚಕ್ರ ತಿರುಗಿಸುವಷ್ಟು ದೊಡ್ಡ ಮೋಟಾರು. ಎರಡೂ ಸೇರಿ ಸುಮಾರು 218 ಎಚ್‌ಪಿ. ಪೇಟೆಯ ಟ್ರಾಫಿಕ್ಕಿನಲ್ಲಿ ಎಷ್ಟೋ ಹೊತ್ತು ಇಂಜಿನ್ನು ಸುಮ್ಮನೆ ಮಲಗಿರುತ್ತೆ. ಅದರ ತಮ್ಮನಂಥ ಕ್ಯಾಮ್ರಿ 2024ರ ಡಿಸೆಂಬರಿನಲ್ಲಿ 48 ಲಕ್ಷಕ್ಕೆ ಬಂತು, ಸರ್ಕಾರಿ ಪರೀಕ್ಷೆಯಲ್ಲಿ ಲೀಟರಿಗೆ 25 ಕಿಲೋಮೀಟರ್ ಮೀರಿ ಕೊಟ್ಟಿದೆ. ಐದು ಮೀಟರಿನ ಗಾಡಿ ನನ್ನ ವ್ಯಾಗನ್ ಆರ್‌ಗಿಂತ ಕಡಿಮೆ ಕುಡಿಯುತ್ತೆ ಅಂದರೆ ಮೆಂಟೆನನ್ಸ್ ಇಲಾಖೆಯವನಾಗಿ ನಾನು ಟೊಪ್ಪಿಗೆ ತೆಗೀತೀನಿ.

ಸರಿ, ಈಗ ಪರ್ಫಾರ್ಮೆನ್ಸ್ ಅನ್ನೋ ದೊಡ್ಡ ಮಾತು. ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು? ನನ್ನ ಮಗ ಪುಣೆಯಲ್ಲಿ ಕೂತು ಮೊದಲು ಕೇಳುವ ಪ್ರಶ್ನೆ ಇದು. ಇ 220ಡಿಗೆ 7.6 ಸೆಕೆಂಡು, ಇ 450ಗೆ 4.5. ಬಂದಾಗ ಒಂದರ ಬೆಲೆ 81.5 ಲಕ್ಷ, ಇನ್ನೊಂದರದು 92.5 ಲಕ್ಷ (ಶೋರೂಮ್ ಬೆಲೆ, ರಿಜಿಸ್ಟ್ರೇಷನ್ ಬೇರೆ). ಲೆಕ್ಕ ಹಾಕಿ ನೋಡಿ: ಮೂರು ಸೆಕೆಂಡಿಗೆ ಹನ್ನೊಂದು ಲಕ್ಷ. ಸೆಕೆಂಡಿಗೆ ಮೂರೂವರೆ ಲಕ್ಷ! ಆ ಮೂರು ಸೆಕೆಂಡು ಉಳಿಸಿ ನಾನು ಏನು ಮಾಡಲಿ? ಟೋಲ್ ನಾಕಾದಲ್ಲಿ ಮುಂದಿನವನ ಫಾಸ್ಟ್ಯಾಗ್ ಓದದೆ ಹೋದರೆ ಮೂರು ನಿಮಿಷ ಹೋಯಿತು.

ಆದರೆ ಇದು ಬರೀ ನಗುವ ಮಾತಲ್ಲ. ನಮ್ಮ ಮನೆಯಿಂದ ನಾಗಪುರದ ಕಡೆ ಹೋಗುವಾಗ ಶಿವಮಡಕಾ ಅಂತ ಸಿಗುತ್ತೆ. ಸಮೃದ್ಧಿ ಮಹಾಮಾರ್ಗ ಶುರುವಾಗೋದು ಅಲ್ಲಿಂದ. 2022ರ ಡಿಸೆಂಬರ್ 11ರಂದು ಶಿರಡಿಯವರೆಗಿನ 520 ಕಿಲೋಮೀಟರ್ ತೆರೆದರು, 2025ರ ಜೂನಿನಲ್ಲಿ ಕೊನೆಯ ತುಂಡೂ ತೆರೆದು 701 ಕಿಲೋಮೀಟರ್ ಪೂರ್ತಿಯಾಯಿತು. ಕಟ್ಟಿದ್ದು 150ರ ವೇಗಕ್ಕೆ, ಕಾರುಗಳಿಗೆ ಬಿಟ್ಟಿರೋ ಮಿತಿ 120. ತೆರೆದ ಮೊದಲ ವರ್ಷ ಇಲ್ಲಿನ ಪೇಪರಿನಲ್ಲಿ ಅಪಘಾತದ ಸುದ್ದಿ ಇಲ್ಲದ ವಾರ ಇರಲಿಲ್ಲ. 2023ರ ಜುಲೈ 1ರ ನಡುರಾತ್ರಿ ನಾಗಪುರದಿಂದ ಪುಣೆಗೆ ಹೊರಟ ಬಸ್ಸು ಸಿಂದಖೇಡ ರಾಜಾ ಹತ್ತಿರ ಉರುಳಿ ಬೆಂಕಿ ಹತ್ತಿ 25 ಜನ ಸತ್ತರು. ಆ ರಾತ್ರಿ ನಮ್ಮ ಕಾಲೋನಿಯಲ್ಲಿ ಪುಣೆಯಲ್ಲಿ ಮಕ್ಕಳಿರುವ ಮನೆಗಳ ದೀಪ ಆರಲಿಲ್ಲ. ನಮ್ಮ ಮನೆಯದೂ.

ಆ ರಸ್ತೆಯಲ್ಲಿ ಓಡಿಸಿ ನನಗೆ ತಿಳಿದದ್ದು ಇಷ್ಟು. ಇಷ್ಟು ನೇರ ರಸ್ತೆಯಲ್ಲಿ ಇಂಜಿನ್ ಶಕ್ತಿ ಯಾವ ಗಾಡಿಗೂ ಕಡಿಮೆ ಬೀಳೋದಿಲ್ಲ. ಕಡಿಮೆ ಬೀಳೋದು ನಿದ್ದೆ, ಟೈರು ಮತ್ತು ಬ್ರೇಕು. ನೂರಿಪ್ಪತ್ತರಲ್ಲಿ ಗಾಡಿ ಸೆಕೆಂಡಿಗೆ 33 ಮೀಟರ್ ಹೋಗುತ್ತೆ. ನೂರರಿಂದ ನೂರಿಪ್ಪತ್ತಕ್ಕೆ ಏರಿದರೆ ವೇಗ ಹೆಚ್ಚೋದು ಐದನೇ ಒಂದು ಪಾಲು, ಬ್ರೇಕು ನುಂಗಬೇಕಾದ ಶಕ್ತಿ ಹೆಚ್ಚೋದು ನೂರಕ್ಕೆ 44. ಮೇ ತಿಂಗಳಲ್ಲಿ ವಿದರ್ಭದ ಬಿಸಿಲು 45 ಡಿಗ್ರಿ ದಾಟುತ್ತೆ, ಕಾಂಕ್ರೀಟು ಹೆಂಚಿನಂತೆ ಕಾದಿರುತ್ತೆ. ಗಾಳಿ ಕಡಿಮೆಯಿರುವ ಹಳೇ ಟೈರು ಗಂಟೆಗಟ್ಟಲೆ ಅದರ ಮೇಲೆ ತಿರುಗಿದರೆ ಒಳಗೇ ಬಿಸಿಯಾಗಿ ಸಿಡಿಯುತ್ತೆ. ಹೀಗಾಗಿ ಸೆಕೆಂಡ್ ಹ್ಯಾಂಡ್ ಲಕ್ಷುರಿ ಗಾಡಿ ನೋಡುವವರು ಇಂಜಿನ್ನಿನ ಮುಚ್ಚಳ ತೆಗೆದು ನೋಡುವ ಮೊದಲು ಬಗ್ಗಿ ಟೈರಿನ ಪಕ್ಕದ ನಾಲ್ಕು ಅಂಕಿ ಓದಿ. ಮೊದಲೆರಡು ವಾರ, ಕೊನೆಯೆರಡು ವರ್ಷ. ನನಗೆ ಒಬ್ಬರು 34 ಲಕ್ಷಕ್ಕೆ ತೋರಿಸಿದ ಏಳು ವರ್ಷದ ಗಾಡಿಗೆ ಕನ್ನಡಿಯಂತೆ ಪಾಲಿಶ್ ಹಾಕಿದ್ದರು, ಟೈರು ಮಾತ್ರ ಹುಟ್ಟಿದಾಗಿನವೇ. ಮಾರುವವರು ಹಣೆಬರಹ ತೋರಿಸ್ತಾರೆ, ನಾವು ಕಾಲು ನೋಡಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಈ ವರ್ಗದ ಗಾಡಿಗಳಲ್ಲಿ ಅತಿ ಚಿಕ್ಕ ಇಂಜಿನ್ನೂ ನಮ್ಮ ರಸ್ತೆಗಳಿಗೆ ಬೇಕಾದ್ದಕ್ಕಿಂತ ದೊಡ್ಡದು. ಆರು ಸಿಲಿಂಡರಿನ ದನಿ ಚೆಂದ, ನಡುಕವೇ ಇಲ್ಲ, ಒಪ್ಪಿದೆ. ಅದು ಸಂಗೀತದ ಸುಖ. ದುಡ್ಡಿದ್ದವರು ಕೇಳಲಿ. ಊರಿಗೆ ಹೋಗಿ ಬರುವವರಿಗೆ ನಾಲ್ಕು ಸಿಲಿಂಡರಿನ ಡೀಸೆಲ್ಲೋ ಬಿಡದಿಯ ಹೈಬ್ರಿಡ್ಡೋ ಧಾರಾಳ ಸಾಕು.

ಇನ್ನು ಒಳಗಿನ ಮಾತು. ಇಲ್ಲಿ ನಾನು ಸೋತೆ ಅಂತ ಮೊದಲೇ ಒಪ್ಪಿಕೊಳ್ತೀನಿ. ಇ ಕ್ಲಾಸ್ 2017ರಿಂದ ನಮ್ಮ ದೇಶಕ್ಕೆ ಉದ್ದ ಮಾಡಿದ ಮಾದರಿಯಲ್ಲೇ ಬರುತ್ತೆ. ಬಲಗಡೆ ಸ್ಟೀರಿಂಗಿನ ದೇಶಗಳಲ್ಲಿ ಅದು ಮೊದಲು ಬಂದದ್ದು ನಮಗೇ. 2024ರದ್ದರಲ್ಲಿ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ 3,094 ಮಿಲಿಮೀಟರ್ ಅಂತರ, ಬಿಎಂಡಬ್ಲ್ಯು 530ಎಲ್‌ಐನಲ್ಲಿ 3,105. ಹೀಗೆ ಉಳಿದ ಜಾಗವೆಲ್ಲ ಹಿಂದಿನ ಸೀಟಿಗೆ. ಯಾಕೆ ಅಂದರೆ ನಮ್ಮಲ್ಲಿ ಇಂಥ ಗಾಡಿಯ ಯಜಮಾನ ಓಡಿಸೋದಿಲ್ಲ, ಹಿಂದೆ ಕೂರ್ತಾನೆ. ಸೀಟು ಹಿಂದಕ್ಕೆ ಒರಗುತ್ತೆ, ಮೆತ್ತನೆ ದಿಂಬು ತಲೆಗೆ, ಕಿಟಕಿಗೆ ಪರದೆ. ಬಾಗಿಲು ಹಾಕಿದರೆ ಹೊರಗಿನ ಲಾರಿಯ ಹಾರನ್ನು ಪಕ್ಕದೂರಿನದೇನೋ ಅನ್ನಿಸುತ್ತೆ.

ಒಂದೇ ತಕರಾರು. ಈಗಿನ ಗಾಡಿಗಳಲ್ಲಿ ಎಲ್ಲವನ್ನೂ ಟಿವಿಯಂಥ ಪರದೆಯೊಳಗೆ ತುಂಬಿಟ್ಟಿದ್ದಾರೆ. ಎಸಿ ಕಡಿಮೆ ಮಾಡೋಕೂ ಕಣ್ಣು ರಸ್ತೆಯಿಂದ ತೆಗೆದು ಪರದೆ ಮುಟ್ಟಬೇಕು. ನಮ್ಮ ಕಾರ್ಖಾನೆಯಲ್ಲಿ ಮಷೀನು ನಿಲ್ಲಿಸುವ ಗುಂಡಿ ಯಾವಾಗಲೂ ಕೆಂಪು, ಯಾವಾಗಲೂ ಒಂದೇ ಜಾಗ, ಕಣ್ಣು ಮುಚ್ಚಿದರೂ ಕೈಗೆ ಸಿಗಬೇಕು ಅಂತ ನಿಯಮ. ಸೆಕೆಂಡಿಗೆ 33 ಮೀಟರ್ ಓಡುವ ಮಷೀನಿಗೆ ಆ ನಿಯಮ ಬೇಡವಾ? ಹಾಗೇ ಲೆದರ್ ಸೀಟು. ಯುರೋಪಿನ ಚಳಿಗೆ ಸರಿ, ನಮ್ಮ ಬಿಸಿಲಲ್ಲಿ ಒಂದು ಗಂಟೆ ನಿಂತ ಗಾಡಿಯಲ್ಲಿ ಕೂತರೆ ರೊಟ್ಟಿ ಹಂಚಿನ ಮೇಲೆ ಕೂತ ಹಾಗೆ. ಸೀಟಿನೊಳಗಿಂದ ಗಾಳಿ ಬೀಸುವ ವ್ಯವಸ್ಥೆ ಇಲ್ಲದ ಲೆದರು ವಿದರ್ಭದಲ್ಲಿ ಲಕ್ಷುರಿ ಅಲ್ಲ, ಶಿಕ್ಷೆ.

ಇಷ್ಟೆಲ್ಲ ಓದಿ, ನೋಡಿ, ಲೆಕ್ಕ ಹಾಕಿ ಮನಸ್ಸು ಮುಕ್ಕಾಲು ಗಟ್ಟಿ ಮಾಡಿದ್ದೆ. ಆ ಹೊತ್ತಿಗೆ ನಮ್ಮ ಕಾಲೋನಿಯ ಟ್ರಾನ್ಸ್‌ಪೋರ್ಟ್ ಮಾಲೀಕರೊಬ್ಬರು, ಮರಾಠಿಯವರು, ಇಪ್ಪತ್ತು ವರ್ಷದ ಗೆಳೆಯರು, "ತಗೊಳ್ಳೋ ಮೊದಲು ಆಯಿಯನ್ನ ಒಮ್ಮೆ ಕೂರಿಸಿ ನೋಡಿ ಭಾವೂ" ಅಂತ ತಮ್ಮ ಜರ್ಮನ್ ಸೆಡಾನಿನ ಕೀಲಿ ಕೈಗೆ ಕೊಟ್ಟರು. ಯಾವ ಕಂಪನಿಯದು ಅನ್ನೋದು ಇಲ್ಲಿ ಮುಖ್ಯ ಅಲ್ಲ, ಈ ವರ್ಗದ ಗಾಡಿಗಳೆಲ್ಲ ಈ ಒಂದು ವಿಷಯದಲ್ಲಿ ಅಣ್ಣತಮ್ಮಂದಿರೇ. ಭಾನುವಾರ ಬೆಳಿಗ್ಗೆ ಅವ್ವನನ್ನ, ಮನೆಯವಳನ್ನ ಕರಕೊಂಡು ವರ್ಧಾ ರಸ್ತೆ ಹಿಡಿದು ಸೇವಾಗ್ರಾಮಕ್ಕೆ ಹೊರಟೆ. ಗಾಂಧಿ ಕುಟಿ ನೋಡಬೇಕು ಅಂತ ಅವ್ವನಿಗೆ ಬಹಳ ದಿನದ ಆಸೆ. ನಮ್ಮ ಅಜ್ಜ ಖಾದಿ ಬಿಟ್ಟು ಬೇರೆ ಉಟ್ಟವರಲ್ಲ.

ಅವ್ವನನ್ನ ಒಳಗೆ ಕೂರಿಸೋಕೆ ಎಂಟು ನಿಮಿಷ ಹಿಡಿಯಿತು. ನಾನು ಎಲ್ಲಾ ಅಳತೆ ತೆಗೆದಿದ್ದೆ, ಇದೊಂದನ್ನ ಬಿಟ್ಟು. ಆಮೇಲೆ ಟೇಪು ಹಿಡಿದು ನೋಡಿದೆ. ನೆಲದಿಂದ ಸೀಟಿಗೆ ಹತ್ತೊಂಬತ್ತು ಇಂಚು. ಅವ್ವ ದಿನಾ ಕೂರುವ ಮಂಚವೂ ಹತ್ತೊಂಬತ್ತೇ. ಹಾಗಾದರೆ ತೊಂದರೆ ಎಲ್ಲಿ? ಮಂಚದ ಮೇಲೆ ಮಾಡು ಇರೋದಿಲ್ಲ ಸ್ವಾಮಿ! ಸೆಡಾನಿನಲ್ಲಿ ತಲೆ ಬಗ್ಗಿಸಬೇಕು, ಬಗ್ಗಿಸಿಕೊಂಡೇ ಕೂರಬೇಕು, ಕೂತು ಕಾಲು ಎತ್ತಿ ಹೊಸ್ತಿಲಂಥ ಪಟ್ಟಿ ದಾಟಿಸಿ ಒಳಗೆ ತಿರುಗಬೇಕು. ಸೊಂಟ ತೊಂಬತ್ತು ಡಿಗ್ರಿಗಿಂತ ಹೆಚ್ಚು ಮಡಚಬೇಡಿ ಅಂತ ಆಪರೇಷನ್ ಮಾಡಿದ ಡಾಕ್ಟರು ಹೇಳಿದ್ದರು. ಇಲ್ಲಿ ಒಂದೇ ಸಲ ಬಗ್ಗು, ಮಡಚು, ತಿರುಗು ಮೂರೂ ಆಗಬೇಕು. ಗಾಡಿ ಚೆಂದ ಕಾಣಲಿ, ಗಾಳಿ ಸೀಳಲಿ ಅಂತ ಮಾಡನ್ನ ಹಿಂದಕ್ಕೆ ಇಳಿಸಿರ್ತಾರಲ್ಲ, ಅದರ ಬೆಲೆ ಕೊಡೋದು ಹಿಂದಿನ ಸೀಟಿನ ಮುದುಕರು.

ಒಳಗೆ ಕೂತ ಮೇಲೆ ಮಾತ್ರ ಅವ್ವ ರಾಣಿ. ಕಾಲು ಚಾಚಿದಳು, ತಲೆ ದಿಂಬಿಗೆ ಕೊಟ್ಟಳು. ವರ್ಧಾ ಬರುವಷ್ಟರಲ್ಲಿ ನಿದ್ದೆ. ನನಗೋ ಎದೆ ಉಬ್ಬಿತ್ತು. ಸೇವಾಗ್ರಾಮದಲ್ಲಿ ಮರದ ನೆರಳಿಗೆ ಗಾಡಿ ನಿಲ್ಲಿಸಿ ಬಾಗಿಲು ತೆಗೆದೆ. ಅವ್ವ ಹೊರಗೆ ನೋಡಿದಳು, ಆ ಬಾಗಿಲನ್ನ ನೋಡಿದಳು.

"ನಾ ಇಲ್ಲೇ ಕೂಡ್ತೀನಿ ತಮ್ಮಾ. ನೀವು ನೋಡ್ಕೊಂಡ ಬರ್ರಿ."

"ಯಾಕವ್ವಾ? ನಿನಗ ನೋಡಬೇಕಾಗಿತ್ತಲ್ಲ?"

"ಇಲ್ಲಿಂದನ ಕಾಣ್ತದಲ್ಲೋ. ತಣ್ಣಗ ಐತಿ, ಇರ್ಲಿ ಬಿಡು."

ಕುಟಿ ಅಲ್ಲಿಂದ ಕಾಣ್ತಾ ಇರಲಿಲ್ಲ. ಕಾಣ್ತಾ ಇದ್ದದ್ದು ಕಾಂಪೌಂಡು. ಮನೆಯವಳು ನನ್ನ ಮುಖ ನೋಡಿದಳು, ಏನೂ ಅನ್ನಲಿಲ್ಲ. ವಾಪಸ್ ಬರುವಾಗ ನೀರಿನ ಬಾಟಲಿ ಕೊಟ್ಟರೆ ಅವ್ವ ಬೇಡ ಅಂದಳು. ಬೆಳಿಗ್ಗೆಯಿಂದ ಒಂದು ಗುಟುಕು ಕುಡಿದಿರಲಿಲ್ಲ ಅಂತ ಆಗ ಗೊತ್ತಾಯಿತು. ಕುಡಿದರೆ ಮತ್ತೆ ಇಳಿಯಬೇಕಾಗುತ್ತೆ, ಇಳಿದರೆ ಮತ್ತೆ ಹತ್ತಬೇಕಾಗುತ್ತೆ. ನೂರು ಕಿಲೋಮೀಟರಿಗೇ ಹೀಗಾದರೆ ಆರುನೂರಕ್ಕೆ? ಹತ್ತು-ಹನ್ನೆರಡು ಗಂಟೆ ಒಣ ಬಾಯಿಯಲ್ಲಿ ಮೆತ್ತನೆ ಸೀಟಿನ ಮೇಲೆ ಕೂತು ಊರು ಮುಟ್ಟೋದು ಯಾವ ಸೀಮೆ ಲಕ್ಷುರಿ?

ಯಾವ ಬ್ರೋಶರಿನಲ್ಲೂ ಈ ಅಂಕಿ ಇರೋದಿಲ್ಲ ನೋಡಿ. ಸೊನ್ನೆಯಿಂದ ನೂರಕ್ಕೆ 4.5 ಸೆಕೆಂಡು ಅಂತ ಬರೀತಾರೆ, ಬಾಗಿಲಿನಿಂದ ಸೀಟಿಗೆ ಎಂಟು ನಿಮಿಷ ಅಂತ ಬರೆಯೋದಿಲ್ಲ.

ಜಾತ್ರೆಗೆ ಹೋದದ್ದು ಬಾಡಿಗೆ ಇನ್ನೋವಾದಲ್ಲಿ. ಅದೂ ಬಿಡದಿಯದೇ, 2005ರಿಂದ ನಮ್ಮ ಊರೂರುಗಳಲ್ಲಿ ಬೆವರು ಸುರಿಸ್ತಾ ಇರೋ ಗಾಡಿ. ಸೀಟು ಎತ್ತರ, ಮಾಡು ಇನ್ನೂ ಎತ್ತರ. ಒಂದು ಪ್ಲಾಸ್ಟಿಕ್ ಮಣೆ ಕೆಳಗೆ ಇಟ್ಟೆ. ಅವ್ವ ಕಂಬದ ಹಿಡಿಕೆ ಹಿಡಿದು, ತಲೆ ಬಗ್ಗಿಸದೆ, ಮಣೆ ಮೇಲೆ ಕಾಲಿಟ್ಟು, ತಿರುಗಿ ಕೂತಳು. ಒಂದು ನಿಮಿಷ. ಇಂಜಿನ್ನು ಗುರುಗುಟ್ಟುತ್ತೆ, ಕುಲುಕಾಟ ಇದೆ, ಜರ್ಮನ್ ಗಾಡಿಯ ಮೌನ ಇದರಲ್ಲಿ ಇಲ್ಲವೇ ಇಲ್ಲ, ಅದನ್ನ ಇಲ್ಲ ಅಂತಲೇ ಹೇಳಬೇಕು. ಆದರೆ ಯವತ್ಮಾಳದಲ್ಲಿ ಇಳಿದು ಚಹಾ ಕುಡಿದಳು. ನಾಂದೇಡದಲ್ಲಿ ಇಳಿದು ಊಟ ಮಾಡಿದಳು. ತುಳಜಾಪುರದಲ್ಲಿ ಇಳಿದು ರಸ್ತೆಯಿಂದಲೇ ಅಂಬಾಭವಾನಿಗೆ ಕೈ ಮುಗಿದಳು. ದಾರಿಯುದ್ದಕ್ಕೂ ನೀರು ಕುಡಿದಳು. ಊರಲ್ಲಿ ಗಾಡಿಯಿಂದ ತಾನೇ ಇಳಿದು, ವಾಕರ್ ಹಿಡಿದು, ಓಣಿಯವರ ಎದುರು ನಡೆದು ಮನೆ ಹೊಕ್ಕಳು. ನಾನು ದೊಡ್ಡ ಗಾಡಿಯಲ್ಲಿ ಊರಿಗೆ ಹೋಗಿ ಇಳಿಯುವ ಕನಸು ಕಂಡಿದ್ದೆ. ಇಳಿದು ತೋರಿಸಿದ್ದು ಅವ್ವ.

ಇನ್ನು ದುಡ್ಡಿನ ಒಂದು ಮಾತು, ಮುಖ್ಯವಾಗಿ ನಮ್ಮಂಥ ಹೊರನಾಡಿನವರಿಗೆ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಗಾಡಿಗಳ ಜಿಎಸ್‌ಟಿ ಶೇಕಡಾ 40 ಆಗಿದೆ. ಮೊದಲು ಸೆಸ್ ಸೇರಿ ಇಂಥ ಸೆಡಾನ್‌ಗಳಿಗೆ 48, ಹೈಬ್ರಿಡ್ಡಿಗೆ 43 ಇತ್ತು. ಕಡಿಮೆ ಆಯಿತಲ್ಲ ಅಂತ ಕುಣಿಯಬೇಡಿ. ಮಹಾರಾಷ್ಟ್ರದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಗಾಡಿಗೆ ಶೇಕಡಾ 13, ಡೀಸೆಲ್ಲಿಗೆ 15 ಒಮ್ಮೆಲೇ ಕಟ್ಟುವ ಟ್ಯಾಕ್ಸಿದೆ. ನಾಳೆ ಊರಿಗೆ ವಾಪಸ್ ಹೋಗಿ ನೆಲೆ ನಿಂತರೆ, ಹನ್ನೆರಡು ತಿಂಗಳ ಮೇಲೆ ನಮ್ಮ ಎಂಎಚ್ 40 ಗಾಡಿಗೆ ಕೆಎ 28 ನಂಬರು ಮಾಡಿಸಬೇಕು, ಅಲ್ಲಿ ಮತ್ತೆ ಟ್ಯಾಕ್ಸು ಕಟ್ಟಿ, ಇಲ್ಲಿಯದನ್ನ ವಾಪಸ್ ಕೇಳುತ್ತಾ ಅಲೆಯಬೇಕು. 2021ರಲ್ಲಿ ಬಂದ ಬಿಎಚ್ ನಂಬರು ಸರ್ಕಾರಿ ನೌಕರರಿಗೆ, ನಾಲ್ಕು ರಾಜ್ಯಗಳಲ್ಲಾದರೂ ಆಫೀಸಿರುವ ಕಂಪನಿಯ ನೌಕರರಿಗೆ. ರಿಟೈರ್ ಆದ ಫಿಟ್ಟರಿಗಲ್ಲ. ಎರಡು ಊರಿನಲ್ಲಿ ಒಂದೊಂದು ಕಾಲಿಟ್ಟವರು ದೊಡ್ಡ ಗಾಡಿ ಕೊಳ್ಳುವ ಮೊದಲು ಯಾವ ಊರಲ್ಲಿ ಸಾಯೋದು ಅಂತ ತೀರ್ಮಾನ ಮಾಡಬೇಕು. ಆ ತೀರ್ಮಾನ ನನ್ನಿಂದ ಇನ್ನೂ ಆಗಿಲ್ಲ.

ಹಾಗಂತ ಈ ಗಾಡಿಗಳು ಕೆಟ್ಟವು ಅಂತ ನಾನು ಹೇಳ್ತಾ ಇಲ್ಲ. ನಲವತ್ತೈದು-ಐವತ್ತರ ವಯಸ್ಸು, ಸೊಂಟ ಗಟ್ಟಿ, ವಾರಕ್ಕೆರಡು ಸಲ ದೂರದ ಓಡಾಟ, ಹಿಂದೆ ಕೂತು ಕೆಲಸ ಮಾಡಬೇಕು ಅನ್ನೋರಿಗೆ ಇದಕ್ಕಿಂತ ಒಳ್ಳೆಯ ಕೋಣೆ ರಸ್ತೆಯ ಮೇಲೆ ಇಲ್ಲ. ನಿಜವಾಗಿ ಚೆಂದದ ಯಂತ್ರಗಳು ಇವು. ಆದರೆ ಅಪ್ಪ ಅಮ್ಮನ ಹೆಸರು ಹೇಳಿ ಕೊಳ್ಳುವವರಿಗೆ ನನ್ನದೊಂದೇ ಮಾತು. ಟೆಸ್ಟ್ ಡ್ರೈವಿಗೆ ನೀವು ಹೋಗಬೇಡಿ, ಅವರನ್ನ ಕಳಿಸಿ. ಓಡಿಸೋದೂ ಬೇಡ. ಎರಡು ಸಲ ಹತ್ತಿ ಇಳಿಯಲಿ, ಸಾಕು. ಮೂರನೇ ಸಲ ಹತ್ತು ಅಂದಾಗ ಅವರ ಮುಖ ನೋಡಿ. ಉತ್ತರ ಅಲ್ಲಿ ಇರುತ್ತೆ.

ದುಡ್ಡು ಬ್ಯಾಂಕಿನಲ್ಲೇ ಇದೆ. ಅದರಲ್ಲಿ ಸ್ವಲ್ಪ ತೆಗೆದು ಊರಿನ ಮನೆಯ ಬಚ್ಚಲಿಗೆ ಜಾರದ ಕಲ್ಲು ಹಾಕಿಸಿ, ಗೋಡೆಗೆ ಸ್ಟೀಲಿನ ಹಿಡಿಕೆ ಕೂರಿಸಿ, ಕೂರುವ ಕಮೋಡು ಮಾಡಿಸಿದೆ. ಮಗ ಫೋನಿನಲ್ಲಿ ಕೇಳಿದ, "ಅಪ್ಪಾ, ಕಡಿಗೆ ಯಾವ ಗಾಡಿ ಬುಕ್ ಮಾಡಿದ್ರಿ?" ಅಂತ. "ಬಚ್ಚಲಾ ಬುಕ್ ಮಾಡೇನಿ" ಅಂದೆ. ಅವನಿಗೆ ಅರ್ಥ ಆಗಲಿಲ್ಲ, ಅವರವ್ವ ಪಕ್ಕದಲ್ಲಿ ಕೂತು ನಗ್ತಾ ಇದ್ದಳು.

ಮುಂದಿನ ವರ್ಷದ ಜಾತ್ರೆಗೆ ಈಗಲೇ ಅವ್ವ ದಿನ ಎಣಿಸ್ತಾ ಇದ್ದಾಳೆ. ಮಣೆ ಮರೀಬ್ಯಾಡ ಅಂತ ನಿನ್ನೆ ಮತ್ತೆ ನೆನಪು ಮಾಡಿದಳು.